ಹಾಲ್ವರ್ ಎಣಿಸಿದ ಮಾತ್ರೆಗಳು

ಅಮೆರಿಕದ ಡಕೋಟಾದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ನಾನು ಔಷಧ ತಜ್ಞೆಯಾಗಿ ತರಬೇತಿ ಪಡೆಯುತ್ತಿದ್ದೆ. ರೋಗಿಗಳಿಗೆ ಅಂಚೆಯಲ್ಲಿ ಮಾತ್ರೆ ಕಳಿಸಿ, ವಾರ ಬಿಟ್ಟು ಫೋನ್ ಮಾಡಿ, ಎಷ್ಟು ಉಳಿದಿವೆಯೆಂದು ಅವರ ಕೈಲೇ ಎಣಿಸಿ ಹೇಳಿಸುವುದು ನನ್ನ ಕೆಲಸ. ಆ ಊರಿನಲ್ಲಿ ನನ್ನ ಊಟ ವಿಚಾರಿಸುತ್ತಿದ್ದವರು ಆ ರೋಗಿಗಳ ಪೈಕಿ ಮುದುಕ ಹಾಲ್ವರ್ ಒಬ್ಬರೇ.

ಜುಲೈನ ಒಂದು ಮಧ್ಯಾಹ್ನ ಅವರಿಗೆ ಫೋನ್ ಮಾಡಿದಾಗ ರಿಸೀವರ್ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು.

"ಇಪ್ಪತ್ಮೂರು ಉಳಿದಿವೆ ಮಗಳೇ. ಏನಾದ್ರೂ ತಿಂದ್ಯಾ?"

"ಇನ್ನೂ ಇಲ್ಲ ಸರ್."

"ಫೋನ್ ಇಡ್ಬೇಡ, ಇನ್ನೊಂದ್ಸಲ ಎಣಿಸ್ತೀನಿ."

ಮರುದಿನ, ವಾರದ ಹಿಂದೆ ನಾನು ಅವರಿಗೆ ಕಳಿಸಿದ್ದ ಪೊಟ್ಟಣ ಅಂಚೆಯಿಂದ ವಾಪಸ್ ಬಂತು.

"ಅವ್ರು ಹೋದ ತಿಂಗಳೇ ತೀರ್ಕೊಂಡ್ರಂತೆ ಕಣೇ," ಎಂದರು ಮೇಲ್ವಿಚಾರಕಿ ಮಾರ್ಲಿಸ್.

ಪೊಟ್ಟಣದೊಳಗೆ ನಾನೇ ಮೂವತ್ತು ಮಾತ್ರೆ ತುಂಬಿದ್ದ ಡಬ್ಬಿ, ಸೀಲು ಒಡೆದಿರಲಿಲ್ಲ. ಸೀಲು ಬಿಚ್ಚಿ, ತಟ್ಟೆಗೆ ಸುರಿದು ಐದೈದಾಗಿ ಎಣಿಸಿದೆ. ಮಾತ್ರೆಗಳು ಬೆರಳು ಮರಗಟ್ಟುವಷ್ಟು ತಣ್ಣಗಿದ್ದವು. ನನ್ನನ್ನು ಸರಿಸಿ ಮಾರ್ಲಿಸ್ ಕೂಡ ಎಣಿಸಿದರು.

ಇಪ್ಪತ್ತಮೂರು.