ಸಂಬಂಧವಿಲ್ಲದ ಸಾಕ್ಷಿ

"ಈ ಅಂಗಡಿ ದಾರಿ ಇನ್ನೂ ನೆನಪಿದೆ ಅಂತಾಯ್ತು."

ಕೀಲಿಯವನು ತಲೆ ಎತ್ತದೆಯೇ ಹೇಳಿದ. ಅವನ ಕೈಯಲ್ಲಿದ್ದ ಅರ ಹೊಸ ಕೀಲಿಯ ಹಲ್ಲುಗಳನ್ನು ಉಜ್ಜುತ್ತಲೇ ಇತ್ತು.

ಅವಳು ಹೆಗಲ ಚೀಲವನ್ನು ಕೆಳಗಿಳಿಸಿದಳು. ಮೂರು ವರ್ಷ ಈ ಅಂಗಡಿಯ ಮುಂದೆ ಹಾಯಬಾರದೆಂದೇ ಮಾರುಕಟ್ಟೆ ಸುತ್ತಿಕೊಂಡು ಕೆಲಸಕ್ಕೆ ಹೋಗಿದ್ದಳು. ಈಗ ತಾನಾಗಿಯೇ ಬಂದು ನಿಂತಿದ್ದಳು.

"ಸ್ವಲ್ಪ ಕೆಲಸ ಇತ್ತು," ಎಂದಳು.

"ಕೀಲಿ ಕಳ್ಕೊಂಡ್ರಾ?"

ಒಂದು ಕಾಲದಲ್ಲಿ 'ನೀನು' ಬಿಟ್ಟು ಬೇರೆ ಬಾರದ ಬಾಯಿ ಅದು. ಆ ಮರ್ಯಾದೆ ಅವಳಿಗೆ ಬೈಗುಳಕ್ಕಿಂತ ಜೋರಾಗಿ ತಾಗಿತು.

"ಪೊಲೀಸ್ ಕೆಲಸಕ್ಕೆ ಪರೀಕ್ಷೆ ಬರೆದಿದ್ದೆ. ಪಾಸಾಯ್ತು. ಓಟನೂ ಆಯ್ತು. ಇನ್ನು ನನ್ನ ಬಗ್ಗೆ ವಿಚಾರಣೆ ಮಾಡೋದೊಂದು ಬಾಕಿ. ನನ್ನನ್ನ ಐದಾರು ವರ್ಷದಿಂದ ಬಲ್ಲ ಇಬ್ಬರ ಹೆಸರು ಕೊಡಬೇಕು. ನೆಂಟರಾಗಿರಬಾರದು. ಒಬ್ಬರು ನಮ್ಮ ಅಂಗಡಿ ಯಜಮಾನರು. ಇನ್ನೊಬ್ಬರು..."

"ಇನ್ನೊಬ್ಬರು ಸಿಗಲಿಲ್ಲ."

"ಇಲ್ಲ."

ಇಷ್ಟು ದೊಡ್ಡ ಊರಿನಲ್ಲಿ ತನ್ನನ್ನು ಬಲ್ಲವರು ಇಬ್ಬರೇ ಎಂದು ಒಪ್ಪಿಕೊಳ್ಳುವುದು ಸುಲಭವಲ್ಲ. ಅದರಲ್ಲೂ ಆ ಇಬ್ಬರಲ್ಲೊಬ್ಬನ ಜೊತೆ ಮಾತು ಬಿಟ್ಟಿರುವಾಗ!

ಅವಳು ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಕೆಲಸ ಮಾಡುವವಳು. ಪೊಲೀಸರ ಅಂಗಿಗೆ ಭುಜಪಟ್ಟಿ ಕೂರಿಸುತ್ತಾ ಕೂರಿಸುತ್ತಾ, ಒಂದು ದಿನ ಅಳತೆಯ ಟೇಪನ್ನು ತನ್ನ ಹೆಗಲಿಗೇ ಹಿಡಿದು ನೋಡಿದ್ದಳು. ಆಸೆ ಹುಟ್ಟಿದ್ದು ಆಗಲೇ.

ಆದರೆ ಆ ಆಸೆಗೆ ಒಂದು ಹಳೆಯ ಮುಳ್ಳು ಅಡ್ಡವಿತ್ತು.

ಮೂರು ವರ್ಷದ ಹಿಂದೆ ಅಮ್ಮ ತೀರಿಕೊಂಡ ಮೇಲೆ ಅಣ್ಣ ಮನೆಗೆ ಬೀಗ ಜಡಿದಿದ್ದ. ಮನೆ ಅವನ ಹೆಸರಿನಲ್ಲಿತ್ತು. ಅಮ್ಮನ ಹೊಲಿಗೆ ಯಂತ್ರ ಒಳಗೇ ಉಳಿಯಿತು. ಅಂದು ಸಂಜೆ ಅವಳು ಕೀಲಿಯವನನ್ನು ಕೈ ಹಿಡಿದು ಎಳೆದುಕೊಂಡೇ ಹೋಗಿದ್ದಳು. ಆಗ ಆ ಕೈ ಹಿಡಿಯುವ ಸಲುಗೆ ಅವಳಿಗಿತ್ತು.

"ತೆಗಿ ಬೀಗ," ಎಂದಿದ್ದಳು.

"ಬೀಗ ಹಾಕಿದವರು ಎದುರಿಗಿಲ್ಲದೆ ನಾನು ಮುಟ್ಟಲ್ಲ. ನಮ್ಮಪ್ಪ ಅರ ಕೈಗೆ ಕೊಡೋವಾಗ ಹೇಳಿದ ಮೊದಲ ಮಾತೇ ಅದು."

"ನಾನೇನು ಕಳ್ಳಿನಾ?"

"ಅಲ್ಲ. ಆದ್ರೂ ತೆಗೆಯಲ್ಲ."

ಅಷ್ಟೇ. ಊರವರ ಬೀಗವನ್ನೆಲ್ಲ ಬಿಚ್ಚುವವನು ತನ್ನ ಬಾಯಿಗೆ ಮಾತ್ರ ಬೀಗ ಹಾಕಿಕೊಂಡು ನಿಂತುಬಿಟ್ಟ. ಮರುದಿನ ಅಣ್ಣ ಅದನ್ನು ಯಾರಿಂದಲೋ ಕೇಳಿ, ತಂಗಿ ಬೀಗ ಒಡೆದಳೆಂದು ಠಾಣೆಗೆ ದೂರು ಕೊಡಲು ಹೊರಟ. ಅವನ ಬೆನ್ನ ಹಿಂದೆಯೇ ಕೀಲಿಯವನೂ ಠಾಣೆಯ ಮೆಟ್ಟಿಲು ಹತ್ತಿದ್ದನ್ನು ಅವಳು ಕಣ್ಣಾರೆ ಕಂಡಳು.

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುತ್ತಾರೆ. ಉರಿಯುವ ಹೊಟ್ಟೆಗೆ ಅಷ್ಟು ವ್ಯವಧಾನ ಎಲ್ಲಿಂದ ಬರಬೇಕು? ಅವಳು ಬೇರೆ ಬೀದಿಯಲ್ಲಿ ಬಾಡಿಗೆ ಕೋಣೆ ಹಿಡಿದಳು. ದೂರು ಯಾಕೋ ಅಲ್ಲಿಗೇ ನಿಂತುಹೋಯಿತು. ಯಾಕೆಂದು ಅವಳು ಕೇಳಲಿಲ್ಲ.

ಈಗ ವಿಚಾರಣೆಯಲ್ಲಿ ಅದು ಎದ್ದು ಬರುವುದು ಖಂಡಿತ. 'ಮುಚ್ಚಿಡಬೇಡಮ್ಮ, ನೀನೇ ಹೇಳಿಬಿಡು' ಎಂದಿದ್ದರು ಯಜಮಾನರು. ಹೇಳಿದ್ದಳು. ಆದರೆ ಬೀಗ ಒಡೆಯಲಿಲ್ಲವೆಂದು ನಂಬುವವರು ಯಾರು? ಕಂಡವನು ಇವನೊಬ್ಬನೇ.

"ಕೊಡಿ ನನ್ನ ಹೆಸರು," ಎಂದ ಕೀಲಿಯವನು. "ಆದ್ರೆ ಕೇಳಿದ್ರೆ ಇದ್ದದ್ದು ಇದ್ದ ಹಾಗೇ ಹೇಳ್ತೀನಿ."

ಇದು ಭರವಸೆಯೋ ಬೆದರಿಕೆಯೋ ಅವಳಿಗೆ ತಿಳಿಯಲಿಲ್ಲ.

ಅಂದಿನಿಂದ ಅವಳು ಕೋಣೆಯನ್ನು ಉಜ್ಜಿದ್ದೇ ಉಜ್ಜಿದ್ದು. ಕಿಟಕಿ ಒರೆಸಿದಳು. ವಿಚಾರಣೆಗೆ ಮನೆಗೇ ಬರುವ ಅಧಿಕಾರಿಗೆ ಕುರ್ಚಿ ಸರಿಪಡಿಸಿಟ್ಟಳು. ಚಹಾ ಕೊಡಲು ಲೋಟ ನೋಡಿದರೆ ಮನೆಯಲ್ಲಿ ಇದ್ದದ್ದು ಒಂದೇ! ಮೂರು ವರ್ಷದಲ್ಲಿ ಎರಡನೇ ಲೋಟ ಬೇಕಾಗಿಯೇ ಇರಲಿಲ್ಲ... ಪಾತ್ರೆ ಅಂಗಡಿಯಲ್ಲಿ ಒಂದು ಲೋಟ ಕೊಳ್ಳುವಾಗ ಅವಳಿಗೆ ಸುಮ್ಮಸುಮ್ಮನೆ ಅಳು ಬಂತು.

ಎದುರು ಕೋಣೆಯ ಅಜ್ಜಿಯ ಬಾಗಿಲನ್ನೂ ತಟ್ಟಿದಳು.

"ಅಜ್ಜಿ, ನನ್ನ ಬಗ್ಗೆ ಕೇಳೋಕೆ ಬರ್ತಾರೆ. ನಾನು ಎದುರು ಕೋಣೆಯವಳು."

"ಗೊತ್ತಮ್ಮ. ಚಪ್ಪಲಿ ಸದ್ದು ಗೊತ್ತು, ಕೆಮ್ಮು ಗೊತ್ತು. ಮಾತು ಮಾತ್ರ ಇವತ್ತೇ ಕೇಳಿದ್ದು. ಕೆಟ್ಟವಳು ಅಂತ ಹೇಳೋಕಾದ್ರೂ ಸ್ವಲ್ಪ ಪರಿಚಯ ಬೇಡ್ವಾ? ಬಾ, ಕೂತ್ಕೋ."

ಅಧಿಕಾರಿಯಾಗಿ ಬಂದದ್ದು ನಡುವಯಸ್ಸಿನ ಹೆಂಗಸು. ಹೊಸ ಲೋಟದಲ್ಲಿ ಚಹಾ ಮುಂದಿಟ್ಟರೆ ಪಕ್ಕಕ್ಕೆ ಸರಿಸಿದರು. "ವಿಚಾರಣೆಗೆ ಬಂದ ಕಡೆ ನಾವು ನೀರೂ ಕುಡಿಯಲ್ಲಮ್ಮ. ನೀನು ಹೊರಗಿರು. ಒಬ್ಬೊಬ್ಬರನ್ನೇ ಕರೀತೀನಿ."

ಯಜಮಾನರು ಹೋಗಿ ಬಂದರು. ಅಜ್ಜಿಯೂ ಹೋಗಿ ಬಂದು ಅವಳ ಪಕ್ಕ ನಿಂತಳು. ಕೊನೆಗೆ ಕೀಲಿಯವನು ಒಳಗೆ ಹೋದ. ಬಾಗಿಲು ಅರೆ ತೆರೆದೇ ಇತ್ತು.

"ಬೀಗ ತೆಗಿ ಅಂತ ಅವಳು ಕೇಳಿದ್ದು ನಿಜಾನಾ?"

"ನಿಜ, ಮೇಡಂ."

ಅವಳು ಅಜ್ಜಿಯ ತೋಳು ಹಿಡಿದಳು. 'ಮುಗಿಯಿತು... ಇದಕ್ಕೇ ಬಂದನಾ ಇವನು?'

"ನಾನು ತೆಗೀಲಿಲ್ಲ. ಅವಳು ಬಾಗಿಲ ಮುಂದೆ ಕೂತು ಅತ್ತಳು, ಎದ್ದು ಹೋದಳು. ಬೀಗ ಮುಟ್ಟಲಿಲ್ಲ. ಮರುದಿನ ಅವರಣ್ಣ ದೂರು ಕೊಡೋಕೆ ಹೊರಟಾಗ ನಾನೂ ಹಿಂದೇನೇ ಹೋದೆ. ಒಂದು ಸಲ ಬೀಗ ನೋಡಿ ಅಂತ ಪೊಲೀಸರನ್ನ ಮನೆಗೆ ಕರ್ಕೊಂಡು ಬಂದೆ. ಒಂದು ಗೀರೂ ಇರಲಿಲ್ಲ. ಅಣ್ಣನ ಕೀಲಿ ಹಾಕಿದ್ರೆ ಸಲೀಸಾಗಿ ತೆಗೀತು. ದೂರು ಅಲ್ಲಿಗೇ ನಿಂತಿತು."

"ನೀವು ಆ ಸಂಜೆ ತೆಗೆದಿದ್ರೆ?"

"ಅವಳು ಇವತ್ತು ಈ ಕೆಲಸ ಕೇಳೋ ಹಾಗೇ ಇರ್ತಿರಲಿಲ್ಲ."

ಅವಳು ಬಾಗಿಲಿಗೆ ಇನ್ನಷ್ಟು ಹತ್ತಿರ ಸರಿದಳು. ಮೂರು ವರ್ಷ... ತನಗೆ ಬೆನ್ನು ತೋರಿಸಿದನೆಂದು ಶಪಿಸುತ್ತಿದ್ದವನು ತನ್ನ ಬೆನ್ನಿಗೇ ನಿಂತಿದ್ದನೇ?

"ಇದನ್ನ ಅವಳಿಗೆ ಹೇಳಲಿಲ್ವಾ?"

"ಕಳ್ಳಿನಾ ಅಂತ ಕೇಳಿದ್ಲು, ಅಲ್ಲ ಅಂದೆ. ಅದೊಂದೇ ಮಾತು ನಂಬಿದ್ರೆ ಸಾಕಿತ್ತು. ಆಮೇಲೆ ದಾರೀನೇ ಬದಲಾಯಿಸಿದ್ಲು. ನಾನೂ ಜಂಭ ಬಿಡಲಿಲ್ಲ."

"ಕೊನೇದು. ನೀವು ಅವಳಿಗೆ ಏನಾಗ್ಬೇಕು?"

ಒಳಗೆ ಕುರ್ಚಿ ಕಿರುಗುಟ್ಟಿತು.

"ಏನೂ ಇಲ್ಲ, ಮೇಡಂ."

ಹೊರಗೆ ಬಂದವನು ಅವಳತ್ತ ನೋಡದೆ ಮೆಟ್ಟಿಲಿಳಿದ. ಅವಳು ಕರೆಯಲಿಲ್ಲ. 'ಏನೂ ಇಲ್ಲ... ಸರಿಯಾಗೇ ಹೇಳಿದ. ಏನೂ ಇಲ್ಲದ ಹಾಗೆ ಮಾಡಿದವಳು ನಾನೇ ಅಲ್ಲವೇ?' ಅಂದು ಕೋಣೆ ಅವಳಿಗೆ ಎಂದಿಗಿಂತ ದೊಡ್ಡದಾಗಿ ಕಂಡಿತು. ಹೊಸ ಲೋಟದಲ್ಲಿ ಚಹಾ ಆರಿ ಕೆನೆಗಟ್ಟಿತ್ತು.

ಮುಂದಿನ ತಿಂಗಳು ನೇಮಕಾತಿ ಆದೇಶ ಬಂತು. ಅಜ್ಜಿ ತಲೆ ಸವರಿ ಕಣ್ಣೀರು ಹಾಕಿದಳು. ಸಂಜೆ ಅವಳು ಕೆಲಸ ಮುಗಿಸಿ, ಮಾರುಕಟ್ಟೆ ಸುತ್ತದೆ, ನೇರ ದಾರಿಯಲ್ಲಿ ನಡೆದಳು.

"ಕೆಲಸ ಸಿಕ್ತು," ಎಂದಳು.

ಅರ ನಿಂತಿತು. "ಸಿಗುತ್ತೆ ಅಂತ ಗೊತ್ತಿತ್ತು."

"ನಂದು ತಪ್ಪಾಯ್ತು. ಒಂದು ಮಾತು ಕೇಳ್ಬೇಕಿತ್ತು, ಕೇಳಲಿಲ್ಲ." ಅವಳು ಅವನ ಮುಖ ನೋಡಿದಳು. "ಆದ್ರೆ ನೀವು... ಏನೂ ಇಲ್ಲ ಅಂದುಬಿಟ್ರಲ್ಲ."

"ಮತ್ತೇನು ಹೇಳ್ಬೇಕಿತ್ತು? ನೆಂಟ ಆಗೋವನು ಅಂದಿದ್ರೆ ನನ್ನ ಸಾಕ್ಷಿ ನಡೀತಿತ್ತಾ?"

ಅವಳು ಒಂದು ಹೆಜ್ಜೆ ಮುಂದೆ ಬಂದಳು.

"ಆದೇಶ ಬರ್ಲಿ ಅಂತ ಕಾಯ್ತಿದ್ದೆ," ಎಂದ ಅವನು, ಕೈ ಒರೆಸಿಕೊಳ್ಳುತ್ತಾ. "ಈಗ ನೀನು ಹೇಳು. ನಾನು ನಿನಗೆ ಏನಾಗ್ಬೇಕು?"

'ನೀನು' ಎಂದಿದ್ದ! ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

"ನನ್ನ ಕೋಣೇಲಿ ಎರಡನೇ ಲೋಟ ಒಂದಿದೆ. ಅದ್ರಲ್ಲಿ ಯಾರೂ ಚಹಾ ಕುಡಿದಿಲ್ಲ. ಬರ್ತೀಯಾ?"

ಅವನು ಅಂಗಡಿಯ ಬಾಗಿಲು ಎಳೆದು ಬೀಗ ಹಾಕಿದ.

"ಸಕ್ಕರೆ ಎಷ್ಟು ಹಾಕ್ಲಿ?"

"ಮರೆತುಬಿಟ್ಯಾ?"

"ಇಲ್ಲ. ಬಾಯಿಬಿಟ್ಟು ಹೇಳ್ತೀಯಾ ಅಂತ ನೋಡಿದೆ."

ಅವನು ಕೀಲಿಯನ್ನು ಜೇಬಿಗೆ ಹಾಕಿಕೊಂಡು ಅವಳ ಜೊತೆ ಹೆಜ್ಜೆ ಹಾಕಿದ.

"ಎರಡು ಚಮಚ. ಮತ್ತೆ... ನೀನಿಲ್ದೆ ತುಂಬಾ ಬೇಜಾರಾಗಿತ್ತು ಕಣೇ."

"ನಂಗೂ," ಎಂದಳು ಅವಳು, ಅವನ ಕೈ ಹಿಡಿದು.