ಮಂಚದಿಂದ ಕುರ್ಚಿಗೆ

ಮಂಚದ ಅಂಚಿಗೆ ಕುಳಿತು ತಾಯಿ ಮಗಳ ಜಡೆ ಹೆಣೆಯುತ್ತಿದ್ದಳು. ಜಡೆ ಇನ್ನೂ ಅರ್ಧಕ್ಕೆ ಬಂದಿತ್ತಷ್ಟೆ. ಬಾಗಿಲು ತಳ್ಳಿಕೊಂಡು ಅತ್ತೆ ಒಳಗೆ ಬಂದರು. ಅವರ ಕೈಯಲ್ಲಿ ಒಂದು ದೊಡ್ಡ ಖಾಲಿ ಚೀಲ! ಅದನ್ನು ಕಂಡದ್ದೇ ತಡ, ತಾಯಿಯ ಕೈ ಸಡಿಲವಾಯಿತು. ಬೆರಳ ಸಂದಿಯಿಂದ ಕೂದಲು ಜಾರಿ ಜಡೆ ಬಿಚ್ಚಿಕೊಂಡಿತು.

"ಇವಳ ಬಟ್ಟೆ ಎಲ್ಲಿಟ್ಟಿದ್ದೀಯ? ಇವತ್ತು ಸ್ಕೂಲಿಂದ ಸೀದಾ ನಾನೇ ಕರ್ಕೊಂಡು ಹೋಗ್ತೀನಿ. ಇನ್ಮೇಲೆ ದೊಡ್ಡ ಮಗನ ಮನೇಲಿ ನನ್ ಜೊತೆ ಇರ್ಲಿ."

"ಯಾಕತ್ತೆ? ಏನಾಯ್ತು?"

"ಏನಾಯ್ತಾ? ಎಂಟು ವರ್ಷದ ಕೂಸು ನಿನಗೆ ನೀರು ತಂದ್ಕೊಡುತ್ತೆ, ಕುರ್ಚಿ ತಳ್ಳುತ್ತೆ, ಕಾಲು ಎತ್ತಿಡುತ್ತೆ. ನನ್ನ ಮಗ ಬೆಳಗಾಗೋ ಮೊದ್ಲೇ ಲಾರಿ ಹತ್ತಿ ಹೋದ್ರೆ ಬರೋದು ಮಧ್ಯಾಹ್ನ. ಇಲ್ಲಿ ಯಾರು ಯಾರಿಗೆ ತಾಯಿ, ನೀನೇ ಹೇಳು!"

ಮಾತು ಸೂಜಿಯ ಹಾಗೆ ಚುಚ್ಚಿತು. ಸುಳ್ಳಾಗಿದ್ದರೆ ತಾಯಿ ಜಗಳಕ್ಕೆ ನಿಲ್ಲುತ್ತಿದ್ದಳು. ನಿಜವಾಗಿದ್ದರಿಂದಲೇ ತಲೆ ತಗ್ಗಿಸಿದಳು.

ಒಂಬತ್ತು ತಿಂಗಳ ಹಿಂದಿನವರೆಗೂ ಅವಳು ಬೀದಿಗೆಲ್ಲ ಬಟ್ಟೆ ಹೊಲಿದುಕೊಡುವ ದರ್ಜಿ. ಅಟ್ಟದ ಮೇಲಿನ ಬಟ್ಟೆಗಂಟು ತೆಗೆಯಲೆಂದು ಸ್ಟೂಲು ಹತ್ತಿದವಳು ಹಿಮ್ಮುಖವಾಗಿ ಬಿದ್ದಳು. ಬೆನ್ನುಹುರಿಗೆ ಪೆಟ್ಟು... ಸೊಂಟದ ಕೆಳಗೆ ಈಗ ಬಿಸಿಯೂ ತಿಳಿಯದು, ತಂಪೂ ತಿಳಿಯದು. ಅವಳು ಬಿದ್ದ ದಿನದಿಂದ ಮಗು ಒಮ್ಮೆಯೂ "ಅಮ್ಮಾ" ಎಂದು ಕೂಗಿರಲಿಲ್ಲ! ಏನಾದರೂ ಬೇಕಿದ್ದರೆ ಸುತ್ತು ಹಾಕಿಕೊಂಡು ಎದುರಿಗೆ ಬಂದು, ಮೊಣಕಾಲ ಮೇಲೆ ಕೈಯಿಟ್ಟು ಸುಮ್ಮನೆ ನಿಲ್ಲುತ್ತಿತ್ತು. ಹೆದರಿದೆ, ತಾನಾಗಿ ಸರಿಹೋಗುತ್ತದೆ ಎಂದರು ಎಲ್ಲರೂ. ತಾಯಿಗೆ ಮಾತ್ರ ಆ ಮೌನ ಕಂಡರೆ ಭಯ. ಕಾಲು ಕೈಬಿಟ್ಟ ಹಾಗೆ ಮಗಳೂ ಕೈಬಿಟ್ಟು ಹೋಗುತ್ತಾಳೇನೋ...

"ಅತ್ತೆ, ಒಂದು ಮಾತು. ಈಗ ನಾನೇ ಮಂಚದಿಂದ ಕುರ್ಚಿಗೆ ಬಂದು, ಇವಳನ್ನ ಬಾಗಿಲ ತನಕ ಬಿಡ್ತೀನಿ. ಯಾರೂ ಕೈ ಹಾಕ್ಬಾರ್ದು. ಆಗ್ಲಿಲ್ಲ ಅಂದ್ರೆ... ಕರ್ಕೊಂಡು ಹೋಗಿ."

ಹೇಳೇನೋ ಹೇಳಿಬಿಟ್ಟಳು. ಆಸ್ಪತ್ರೆಯಲ್ಲಿ ವ್ಯಾಯಾಮದ ಮೇಡಂ ಪಕ್ಕದಲ್ಲೇ ನಿಂತಿರುತ್ತಿದ್ದರು. ಮನೆಯಲ್ಲಿ ಗಂಡ ಸೊಂಟ ಹಿಡಿದಿರುತ್ತಿದ್ದ. ಒಬ್ಬಳೇ ಎಂದೂ ಮಾಡಿರಲಿಲ್ಲ. ತಲೆದೆಸೆಗೆ ಒರಗಿಸಿಟ್ಟಿದ್ದ ಹಲಗೆಗಾಗಿ ಕೈ ಚಾಚಿದಳು. ಮಂಚಕ್ಕೂ ಗಾಲಿಕುರ್ಚಿಗೂ ನಡುವೆ ಇಟ್ಟು, ಅದರ ಮೇಲೆ ಕುಳಿತು ಜರುಗುವ ನುಣುಪು ಹಲಗೆ ಅದು. ಕೈಗೆ ಬರೀ ಗೋಡೆ ಸಿಕ್ಕಿತು!

"ನೂಲುಂಡೆ, ಹಲಗೆ ಎಲ್ಲಮ್ಮಾ?" ಮುದ್ದಿನ ಹೆಸರಿನಿಂದಲೇ ಮಗಳನ್ನು ಕೇಳಿದಳು.

ಮಗು ನೆಲ ನೋಡಿತು. ಕಣ್ಣು ಮಾತ್ರ ಒಮ್ಮೆ ಕಪಾಟಿನ ಹಿಂದಕ್ಕೆ ಹೋಗಿ ಬಂತು. ಅತ್ತೆ ಅಲ್ಲಿಗೆ ಕೈ ಹಾಕಿ ಹಲಗೆಯನ್ನು ಎಳೆದರು.

"ನೋಡು! ನೀನು ಬೀಳ್ತೀಯ ಅಂತ ಮಗುಗೂ ಗೊತ್ತು. ಅದಕ್ಕೇ ಬಚ್ಚಿಟ್ಟಿದೆ!"

"ಕೊಡಿ ಅತ್ತೆ."

"ಹಟ ಬೇಡ ಕಣೇ... ನೀನು ಇನ್ನೊಂದ್ಸಲ ಬೀಳೋದನ್ನ ನೋಡೋ ಶಕ್ತಿ ನನಗಿಲ್ಲ." ಆ ಗಡಸು ದನಿ ನಡುವೆ ಒಡೆಯಿತು.

"ನನಗೂ ಹೆದರಿಕೆನೇ. ಆದ್ರೂ ಕೊಡಿ."

ಮಂಚದ ಪಕ್ಕದಲ್ಲಿದ್ದ ಕುರ್ಚಿಯ ಗಾಲಿ ಉರುಳದಂತೆ ಬಿಗಿದಳು. ಪಕ್ಕದ ಕೈಹಿಡಿ ಕಳಚಿದಳು. ಹಲಗೆಯ ಒಂದು ತುದಿಯನ್ನು ತೊಡೆಯ ಕೆಳಗೆ ತೂರಿಸಿದಳು. ತಲೆಯನ್ನು ಮಂಚದ ಕಡೆಗೆ ಬಾಗಿಸಿ, ಮುಷ್ಟಿ ಊರಿ, ಸೊಂಟವನ್ನು ಕುರ್ಚಿಯ ಕಡೆಗೆ ತಳ್ಳಿದಳು. ಒಂದು ಗೇಣು... ಇನ್ನೊಂದು ಗೇಣು... ನಟ್ಟನಡುವೆ ಹಲಗೆ ಕಿರ್ರೆಂದು ವಾಲಿತು. ಕೆಳಗೆ ಅದೇ ನೆಲ! ಅವತ್ತಿನ ಅದೇ ನೆಲ! ಅತ್ತೆ ಚೀಲ ಬಿಸಾಡಿ ಓಡಿಬಂದರು.

"ಮುಟ್ಬೇಡಿ!"

ತೋಳುಗಳು ಗಡಗಡ ನಡುಗಿದವು. ಕಣ್ಣಿಗೆ ಬೆವರು ಇಳಿಯಿತು. ಬೀಳುತ್ತೇನೆ, ಈಗ ಬಿದ್ದೇ ಬೀಳುತ್ತೇನೆ ಎಂದುಕೊಂಡೇ ಉಸಿರು ಬಿಗಿಹಿಡಿದು ಇನ್ನೊಮ್ಮೆ ತಳ್ಳಿದಳು. ಬೆನ್ನಿಗೆ ಕುರ್ಚಿಯ ಒರಗು ತಾಗಿತು. ಆಮೇಲೆ ತನ್ನ ಕಾಲುಗಳನ್ನು ತಾನೇ, ಮಲಗಿದ ಕೂಸನ್ನು ಎತ್ತುವ ಹಾಗೆ, ಒಂದೊಂದಾಗಿ ಎತ್ತಿ ಕುರ್ಚಿಯ ಕಾಲಿಡುವ ಪಟ್ಟಿಯ ಮೇಲೆ ಇಟ್ಟುಕೊಂಡಳು.

ಅತ್ತೆ ಗೋಡೆಗೆ ಒರಗಿ ಕುಸಿದು ಕೂತರು. ಕೊನೆಗೆ ಕಣ್ಣೊರೆಸಿಕೊಂಡು, ಬಿದ್ದಿದ್ದ ಚೀಲವನ್ನು ಮಡಚಿ ಮಡಚಿ ಅಂಗೈಯಷ್ಟು ಮಾಡಿದರು.

"ಆ ಜಡೆ ನೋಡು, ಗುಬ್ಬಿಗೂಡು! ಹೀಗೇ ಕಳಿಸ್ತೀಯಾ? ದೊಡ್ಡ ದರ್ಜಿಯಂತೆ!" ಎಂದು ಗೊಣಗಿದರು.

ತಾಯಿಗೆ ಅಳುವಿನ ನಡುವೆಯೇ ನಗು ಬಂತು. ಜಡೆ ಹೆಣೆದು, ಗಾಲಿ ತಿರುಗಿಸುತ್ತಾ ಮಗಳನ್ನು ಬಾಗಿಲವರೆಗೂ ತಂದಳು. ಹೊರಗೆ ಸ್ಕೂಲ್ ವ್ಯಾನು ಹಾರ್ನ್ ಹೊಡೆಯಿತು. ಎರಡು ಹೆಜ್ಜೆ ಇಟ್ಟ ಮಗು ನಿಂತಿತು. ತಿರುಗಿ ಬಂದು, ಎದುರಿಗೆ ನಿಂತು, ಮೊಣಕಾಲ ಮೇಲೆ ಕೈಯಿಟ್ಟಿತು. ಆ ಕೈಯ ಭಾರ ತಾಯಿಗೆ ತಿಳಿಯಲಿಲ್ಲ, ಕಣ್ಣಿಗೆ ಕಂಡಿತಷ್ಟೆ.

"ಹಲಗೆ ಬಚ್ಚಿಟ್ಟಿದ್ದಕ್ಕೆ ಬೈಯಲ್ಲ ಕಂದಾ, ಹೋಗು."

ಮಗು ಹೋಗಲಿಲ್ಲ. ಮುಖ ಕೆಂಪಾಯಿತು. ಬಿಕ್ಕಳಿಕೆಯೊಂದು ಬಂದು, ಅದರ ಹಿಂದೆಯೇ ಮಾತೂ ಬಂತು.

"ಅಮ್ಮಾ... ಅವತ್ತು ನೀನು ಸ್ಟೂಲ್ ಮೇಲಿದ್ದಾಗ ನಾನು ಹಿಂದಿನಿಂದ ಜೋರಾಗಿ ಕೂಗಿದ್ನಲ್ಲಾ... ಅದಕ್ಕೇ ನೀನು ಬಿದ್ದಿದ್ದಾ?"