ಮಗುಚಿಟ್ಟ ಮೌಸ್

ಹೊಸ ಪ್ರೋಗ್ರಾಮರ್‌ಗೆ ಕಂಪ್ಯೂಟರ್ ಅಣಿಮಾಡಿ ಮುಗಿಸಿದ ಗುರುತಿಗೆ ಮೌಸನ್ನು ಮಗುಚಿಡುವುದು ನಮ್ಮ ಆಫೀಸಿನ ರೂಢಿಯಾಗಿತ್ತು. ಅದನ್ನು ತಂದವರು ನಾವೆಲ್ಲ ಮೇಷ್ಟ್ರು ಎಂದು ಕರೆಯುತ್ತಿದ್ದ ಹಿರಿಯರು. ನನಗಿಂತ ಮೊದಲು ಈ ಕೆಲಸ ಅವರದು. ಅವರು ತೀರಿಕೊಂಡ ಮೇಲೆ ಆ ರೂಢಿಯನ್ನು ನಾನು ಕೈಬಿಟ್ಟೆ.

ಸೋಮವಾರ ವೆಬ್‌ಸೈಟ್ ತಂಡಕ್ಕೆ ಏಳು ಜನ ಸೇರುವವರಿದ್ದರು. ಭಾನುವಾರ ಮಧ್ಯಾಹ್ನ ಒಬ್ಬಳೇ ಕೂತು ಆರು ಕಂಪ್ಯೂಟರ್ ಮುಗಿಸಿದೆ. ಏಳನೆಯದು ಮೊಂಡು ಹಿಡಿಯಿತು. ಏನು ಹಾಕಿದರೂ ಅರ್ಧಕ್ಕೇ ನಿಲ್ಲುತ್ತಿತ್ತು. ನೀರು ಕುಡಿದು ಬಂದರೆ ಅದರ ಮೌಸ್ ಮಗುಚಿತ್ತು. ನೆಟ್ಟಗಿಟ್ಟು, ಎಲ್ಲ ಅಳಿಸಿ ಮೊದಲಿನಿಂದ ಶುರುಮಾಡಿದೆ. ಮುಖ ತೊಳೆದು ಬಂದರೆ ಮತ್ತೆ ಮಗುಚಿತ್ತು. ಮುಟ್ಟಿ ನೋಡಿದೆ. ಈಗಷ್ಟೇ ಯಾರೋ ಕೈ ತೆಗೆದಂತೆ ಬೆಚ್ಚಗಿತ್ತು.

"ಮೇಷ್ಟ್ರೇ, ಇದು ನನ್ನ ಕೆಲಸ. ನಾನೇ ಮುಗಿಸ್ತೀನಿ," ಎಂದು ಗಟ್ಟಿಯಾಗಿಯೇ ಹೇಳಿದೆ. ಡಿಸ್ಕ್ ಇಲ್ಲದ ಕಂಪ್ಯೂಟರ್ ಬರೀ ಡಬ್ಬ. ಹಟಕ್ಕೆ ಬಿದ್ದು ಡಿಸ್ಕನ್ನೇ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಹೊರಟೆ. ಮನೆಯಲ್ಲಿ ಕೂತು ಮುಗಿಸಿದೆ.

ಬೆಳಿಗ್ಗೆ ಅದನ್ನು ಕೂರಿಸಲು ಬಂದರೆ, ಆ ಏಳನೆಯ ಕಂಪ್ಯೂಟರ್ ಮುಂದೆ ಹೊಸ ಹುಡುಗಿ ಆಗಲೇ ಕೂತು ಟೈಪ್ ಮಾಡುತ್ತಿದ್ದಳು.

"ಎಲ್ಲಾ ಚೆನ್ನಾಗಿ ಓಡ್ತಿದೆ ಅಕ್ಕ. ಆದ್ರೆ ಮೌಸ್ ಯಾಕೆ ಮಗುಚಿಟ್ಟಿದ್ರಿ?"

ಚೀಲಕ್ಕೆ ಕೈ ಹಾಕಿದೆ. ಡಿಸ್ಕ್ ಅಲ್ಲೇ ಇತ್ತು.